ಸಣ್ಣ ಗಿರಾಕಿ ಬ್ಯಾಂಕಿಗೆ ಭಾರವೇ?



ಇಂಡಿಯಿಂದ ಪೇಟೆಗೆ ನಿಂಬೆಹಣ್ಣು ಕಳಿಸುವವರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತಿದೆ. ಬಾಡಿಗೆಯ ಗಾಡಿಗೆ ಎರಡು ಚೀಲ ಹೇರಿದರೂ ಇಪ್ಪತ್ತು ಚೀಲ ಹೇರಿದರೂ ಬಾಡಿಗೆ ಹೆಚ್ಚುಕಡಿಮೆ ಅಷ್ಟೇ. ಎರಡೇ ಚೀಲವಿದ್ದರೆ ಬಂದ ಹಣದ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ. ಬ್ಯಾಂಕಿನ ಲೆಕ್ಕವೂ ಇದೇ ಬಗೆಯದು. ಸಣ್ಣ ರೈತನು "ನಾಳೆ ಬಾ" ಎಂಬ ಮಾತನ್ನು ಏಕೆ ಕೇಳಬೇಕಾಗುತ್ತದೆ, ಅದಕ್ಕೆ ಉಪಾಯವೇನು ಎಂಬುದನ್ನು ಇಲ್ಲಿ ವಿವರಿಸಿದೆ.

ಖರ್ಚಿನ ಲೆಕ್ಕ

ಸಾಲ ಕೊಡುವಾಗ ಉತಾರ ನೋಡಬೇಕು, ಹೊಲ ನೋಡಬೇಕು, ಕಾಗದಪತ್ರ ಮಾಡಬೇಕು, ಕಂತು ವಸೂಲು ಮಾಡಬೇಕು. ಸಾಲ ಸಣ್ಣದೆಂದು ಈ ಕೆಲಸ ಕಡಿಮೆಯಾಗುವುದಿಲ್ಲ. ಇದಕ್ಕೆಲ್ಲ 1,000 ರೂಪಾಯಿ ಖರ್ಚೆಂದು ಹಿಡಿಯಿರಿ. 10 ಲಕ್ಷದ ಸಾಲಕ್ಕೆ ಅದು ನೂರಕ್ಕೆ ಹತ್ತು ಪೈಸೆಯಾಯಿತು. 20,000 ರೂಪಾಯಿಯ ಸಾಲಕ್ಕೆ ನೂರಕ್ಕೆ ಐದು ರೂಪಾಯಿಯಾಯಿತು. ಆದುದರಿಂದ ಲಾಭವನ್ನೇ ನೋಡುವ ವ್ಯಾಪಾರಿ ಸಂಸ್ಥೆಯು ಸಣ್ಣ ಗಿರಾಕಿಯನ್ನು ಬಾಯಿಬಿಟ್ಟು "ಬೇಡ" ಎನ್ನುವುದಿಲ್ಲ. ಶುಲ್ಕ ಹಾಕುತ್ತದೆ, ಖಾತೆಯಲ್ಲಿ ಇಂತಿಷ್ಟು ಹಣ ಇರಲೇಬೇಕೆನ್ನುತ್ತದೆ, ಇಲ್ಲವೆ ಕಾಯಿಸುತ್ತದೆ.

ಇದರ ಫಲವೇನು? ರಿಜರ್ವ್ ಬ್ಯಾಂಕು 1951-52ರಲ್ಲಿ ನಡೆಸಿದ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ ಅದು ಕಂಡುಬಂತು. ರೈತರ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ, ಸಹಕಾರಿ ಸಂಘಗಳ ಪಾಲು ಸುಮಾರು ಮೂರು, ಲೇವಾದೇವಿಗಾರರ ಪಾಲು ಸುಮಾರು ಎಪ್ಪತ್ತು! ಬ್ಯಾಂಕು ತಿರುಗಿಸಿ ಕಳಿಸಿದ ರೈತನು ಸಾಹುಕಾರನ ಬಾಗಿಲಿಗೇ ಹೋಗಬೇಕು.

ಕೂಡಿದರೆ ಖರ್ಚು ಇಳಿಯುತ್ತದೆ

ಹತ್ತು ಜನ ಕೂಡಿ ಒಂದೇ ಗಾಡಿ ಹೇರಿದರೆ ಬಾಡಿಗೆ ಹಂಚಿಹೋಗುತ್ತದೆಯಲ್ಲವೆ? ಗದಗದ ಹತ್ತಿರದ ಕಣಗಿನಹಾಳದ ಒಕ್ಕಲಿಗರು 1905ರಲ್ಲಿಯೇ ಹೀಗೆ ಮಾಡಿದರು. ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಅಲ್ಲಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಯಾರ ಹೊಲ ಎಂಥದು, ಯಾರು ಮಾತಿಗೆ ತಪ್ಪದವರು ಎಂಬುದು ಊರವರಿಗೆ ಗೊತ್ತೇ ಇರುತ್ತದೆ. ಪರವೂರ ಬ್ಯಾಂಕು ಹಣ ಖರ್ಚು ಮಾಡಿ ತಿಳಿಯಬೇಕಾದ್ದನ್ನು ಊರ ಸಂಘವು ಖರ್ಚಿಲ್ಲದೆ ತಿಳಿಯುತ್ತದೆ.

ಇನ್ನೊಂದು ಉದಾಹರಣೆ ಉಡುಪಿಯದು. ಡಾ. ಟಿ. ಎಂ. ಎ. ಪೈ ಅವರ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಕಟ್ಟಿಸಿಕೊಳ್ಳುತ್ತಿದ್ದ. ಹನಿ ಹನಿ ಕೂಡಿ ಹಳ್ಳವಾಯಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿ ಎಂಬ ಹೆಸರು ನಮ್ಮ ಪೇಟೆಗಳಲ್ಲಿ ಇಂದಿಗೂ ಉಳಿದಿದೆ. ಸಣ್ಣ ಗಿರಾಕಿ ಭಾರವಲ್ಲ. ಅವನನ್ನು ತಲಪುವ ರೀತಿ ಸರಿಯಿರಬೇಕು, ಅಷ್ಟೇ.

ಕಾಯ್ದೆಯ ಆಸರೆ

ಎಲ್ಲವನ್ನೂ ಲಾಭದ ಲೆಕ್ಕಕ್ಕೇ ಬಿಡಬಾರದೆಂದು ಸರಕಾರವು 1969ರಲ್ಲಿ 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಇಂದಿನ ನಿಯಮದಂತೆ ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ನೂರಕ್ಕೆ 18ರಷ್ಟನ್ನು ಒಕ್ಕಲುತನಕ್ಕೆ, ಅದರೊಳಗೆ 10ರಷ್ಟನ್ನು ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಕೊಡಬೇಕು. ಇದು ದಾನವಲ್ಲ, ಬ್ಯಾಂಕಿನ ಹೊಣೆ.

ನೀವು ಮಾಡಬೇಕಾದದ್ದು

1. ಕನಿಷ್ಠ ಹಣ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆಯನ್ನು ಕೇಳಿ ಪಡೆಯಿರಿ. ಜನಧನ ಖಾತೆಯೂ ಇದೇ ಜಾತಿಯದು.

2. ಉತಾರ, ಆಧಾರ, ಪಾಸ್‌ಬುಕ್ಕುಗಳನ್ನು ಒಂದೆಡೆ ಜೋಡಿಸಿಟ್ಟುಕೊಂಡು ಹೋಗಿರಿ. ನಿಮ್ಮ ತಿರುಗಾಟವೂ ಅವರ ಕೆಲಸವೂ ಉಳಿಯುತ್ತದೆ.

3. 2025ರ ಜನವರಿಯಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಒತ್ತೆ ಕೇಳುವಂತಿಲ್ಲ. ಇದನ್ನು ನೆನಪಿಡಿರಿ.

4. ಕಂತನ್ನು ವೇಳೆಗೆ ಸರಿಯಾಗಿ ಕಟ್ಟಿರಿ. ವಸೂಲಿಗೆ ಅಲೆಸದ ಗಿರಾಕಿ ಎಷ್ಟು ಸಣ್ಣವನಾದರೂ ಬ್ಯಾಂಕಿಗೆ ಬೇಕಾದವನೇ.

5. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಪೋಚು ಪಡೆಯಿರಿ. ದೂರು ಕೊಟ್ಟು 30 ದಿನಗಳಾದರೂ ಬ್ಯಾಂಕು ಉತ್ತರಿಸದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ.

ಎರಡು ಎಕರೆಯ ಒಡೆಯನಾದರೂ ಬ್ಯಾಂಕಿನ ಕಟ್ಟೆ ಹತ್ತುವಾಗ ತಲೆ ತಗ್ಗಿಸಬೇಕಾಗಿಲ್ಲ. ಲೆಕ್ಕ ತಿಳಿದವನನ್ನು "ನಾಳೆ ಬಾ" ಎಂದು ಕಳಿಸುವುದು ಸುಲಭವಲ್ಲ.