ಅಂಗೈಯ ಸಾಕ್ಷಿ, ಕಲ್ಲಿನ ತೀರ್ಪು

ಬೆಳಗಾವಿ ಜಿಲ್ಲೆಯ ಸುರೇಬಾನದಿಂದ ಪಡುವಲಿಗೆ ಸವದತ್ತಿ, ಬೈಲಹೊಂಗಲ ದಾಟಿದರೆ ಕಿತ್ತೂರು. ರಾಣಿ ಚೆನ್ನಮ್ಮನದೆಂದೇ ನಾವು ಬಲ್ಲ ಆ ಊರಿನಲ್ಲಿ ಶಾಸನತಜ್ಞ ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದ ಹಳಗನ್ನಡ ಶಾಸನವೊಂದಿದೆ. ಅದು ಬರಿಯ ದಾನಶಾಸನವಲ್ಲ, ವೀರಗಲ್ಲೂ ಅಲ್ಲ. ಹೊಲದ ವ್ಯಾಜ್ಯವೊಂದರ ತೀರ್ಪು. ಗೋವೆಯ ಕದಂಬರ ಮೂರನೆಯ ಜಯಕೇಶಿ ಆಳುತ್ತಿದ್ದ, ಸುಮಾರು 800 ವರ್ಷಗಳ ಹಿಂದಿನ ಮಾತು. ಕಲ್ಲೇಶ್ವರ ದೇವರ ಆಚಾರ್ಯ ಶಿವಶಕ್ತಿ, ಮೂಲಸ್ಥಾನ ದೇವರ ಆಚಾರ್ಯ ಕಲ್ಯಾಣಶಕ್ತಿ, ಇಬ್ಬರೂ ಒಂದೇ ಹೊಲವನ್ನು ತಮ್ಮ ದೇವರದೆಂದರು. ಶಿವಶಕ್ತಿ ಕಾದ ನೇಗಿಲ ಕುಳ ಹಿಡಿದು ಆಣೆ ಮಾಡಿದ. ಕಲ್ಯಾಣಶಕ್ತಿಯೂ ಎದುರಾಣೆ ಇಟ್ಟ. ದಂಡನಾಯಕ ಈಶ್ವರ ಹಿರಿಯರ ಸಭೆಯಲ್ಲಿ ಶಿವಶಕ್ತಿಯ ಕೈ ನೋಡಿ, ಗೆಲುವು ಅವನದೆಂದ. ಇದೇ ಫಾಲದಿವ್ಯ: ಕಾದ ಕುಳ ಹಿಡಿದ ಕೈ ಸುಡದಿದ್ದರೆ ಆಣೆ ನಿಜವೆಂಬ ಪರೀಕ್ಷೆ.

ಇದನ್ನು ಕಲ್ಲಿಗೆ ಏರಿಸಿದ್ದೇಕೆ? ಬಾಬಿಲೋನಿನ ಜೊತೆಗಿಟ್ಟು ನೋಡಿದರೆ ಕಾರಣ ಹೊಳೆಯುತ್ತದೆ. ಕ್ರಿ.ಪೂ. 1750ರ ಸುಮಾರಿನ ಅಲ್ಲಿಯ ಅರಸ ಹಮ್ಮುರಾಬಿಯ ಕಟ್ಟಳೆಯಲ್ಲೂ ದಿವ್ಯವಿತ್ತು: ಮಾಟದ ಆರೋಪ ಹೊತ್ತವನು ನದಿಗೆ ಧುಮುಕಬೇಕಿತ್ತು. ಆದರೆ ಹೊಲ-ಮನೆ ಮಾರಾಟಕ್ಕೆ ಅಲ್ಲಿ ಹಸಿಮಣ್ಣಿನ ಹಲಗೆಯೇ ಪತ್ರ. ಸಾಕ್ಷಿಗಳ ಹೆಸರು ಬರೆದು, ಮುದ್ರೆ ಒತ್ತಿ, ಎಷ್ಟೋ ಸಲ ಮಣ್ಣಿನದೇ ಲಕೋಟೆ ಹೊದಿಸಿ, ಅದರ ಮೇಲೂ ಒಕ್ಕಣೆಯನ್ನು ಮತ್ತೆ ಬರೆಯುತ್ತಿದ್ದರು. ಹೊರಗಿನ ಬರಹದ ಮೇಲೆ ಅನುಮಾನ ಬಂದರೆ ಲಕೋಟೆ ಒಡೆದರಾಯಿತು. ಕಿತ್ತೂರಿನಲ್ಲಿ ಒಡೆದು ನೋಡಲು ಏನೂ ಇರಲಿಲ್ಲ. ಸಾಕ್ಷಿಯೆಂದರೆ ಒಬ್ಬ ಮನುಷ್ಯನ ಅಂಗೈ. ಆ ಅಂಗೈ ಅವನೊಂದಿಗೇ ಮಣ್ಣಾಗುವಂಥದು, ನೋಡಿದ ಕಣ್ಣುಗಳೂ ಹಾಗೆಯೇ. ಅಳಿಯುವ ಸಾಕ್ಷಿಗೆ ಅಳಿಯದ ಮೈ ಬೇಕಾಗಿತ್ತು. ಆ ಕಲ್ಲು ಹುಟ್ಟಿದ್ದು ಈ ಅಗತ್ಯದಿಂದ ಎಂಬುದು ನನ್ನ ವಾದ. ನಮ್ಮ ಶಾಸನಗಳಿಗೆ ನಿಜವಾದ ನಂಟು ಬಾಬಿಲೋನಿನ ಕುದುರ್ರು ಶಿಲೆಗಳದು: ಅವೂ ಭೂಮಿಯ ಹಕ್ಕು ಸಾರುತ್ತವೆ, ಅವುಗಳ ಮೇಲೂ ಸೂರ್ಯ-ಚಂದ್ರ, ಅಳಿಸಿದವನಿಗೆ ಶಾಪ.

ಕಾದ ಕುಳದಿಂದ ಸತ್ಯ ಹೊರಡುವುದು ನ್ಯಾಯವೇ ಎಂದು ಕೇಳಬಹುದು. ಅಲ್ಲ, ಆ ಕ್ರೌರ್ಯಕ್ಕೆ ಬಣ್ಣ ಹಚ್ಚಬೇಕಿಲ್ಲ. ಆದರೆ ವಿಧಾನ ತಪ್ಪಾದ ಮಾತ್ರಕ್ಕೆ ದಾಖಲೆ ಸುಳ್ಳಾಗುವುದಿಲ್ಲ. ಗೆದ್ದವರ ಕಲ್ಲು ಗೆದ್ದವರ ಮಾತನ್ನಷ್ಟೇ ಹೇಳುತ್ತದೆ ಎಂಬುದು ಇನ್ನೂ ಗಟ್ಟಿ ಆಕ್ಷೇಪ. ದಾನಶಾಸನಗಳ ಮಟ್ಟಿಗೆ ಅದನ್ನು ಒಪ್ಪುತ್ತೇನೆ; ಹೊಲ ಬಿಟ್ಟುಕೊಟ್ಟ ರೈತನ ದನಿ ಅಲ್ಲಿ ಸಿಗುವುದು ಅಪರೂಪ. ಇಲ್ಲಿ ಹಾಗಾಗಿಲ್ಲ. ಹೊಲದ ಉತಾರ (ಪಹಣಿ) ತೆಗೆದರೆ ಇಂದು ಸಿಗುವುದು ಹಕ್ಕುದಾರನ ಹೆಸರು. ಕಿತ್ತೂರಿನ ಕಲ್ಲಿನಲ್ಲಿ ಹೊಲ ಕಳೆದುಕೊಂಡ ಕಲ್ಯಾಣಶಕ್ತಿಯೂ ಇದ್ದಾನೆ, ಆ ಹೊಲ ಮೂಲಸ್ಥಾನ ದೇವರದೆಂಬ ಅವನ ಆಣೆಯೂ ಇದೆ.