ಮನೆಯಲ್ಲೇ ಓದುವ ಮಕ್ಕಳ ಕನ್ನಡ



ಕುರ್‌ಆನಿನ ಅತ್ಯಂತ ದೀರ್ಘ ಆಯತ್ ಸೂರಃ ಅಲ್‌ಬಕರದ 282ನೆಯದು. ಅದರ ವಿಷಯ ನಮಾಝ್ ಅಲ್ಲ, ಉಪವಾಸವೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಬರೆಯಬಲ್ಲವನು ನಿರಾಕರಿಸಬಾರದು ಎಂಬುದು. ಜುಮಾ ಖುತ್ಬಾದಲ್ಲಿ ಇದನ್ನು ವಿವರಿಸಿದ ಬಳಿಕ ಕೆಲವು ಹೆತ್ತವರು ಬಂದು ಕೇಳಿದರು: ಹಿಫ್ಝ್‌ಗಾಗಿ ಮಗನನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದೇವೆ, ಕನ್ನಡ ಬರೆಯಲು ಕಲಿಸುವುದು ಹೇಗೆ?

ಕೇಳಿದ್ದು ಒಳ್ಳೆಯದಾಯಿತು. ಗಣಿತಕ್ಕೆ, ಇಂಗ್ಲಿಷಿಗೆ ಟ್ಯೂಷನ್ ಇಡುತ್ತೇವೆ. ಕನ್ನಡವೆಂದರೆ 'ಮಾತಾಡಲು ಬರುತ್ತದಲ್ಲ' ಎಂದು ಬಿಟ್ಟುಬಿಡುತ್ತೇವೆ. ಆದರೆ ನಮ್ಮೂರಿನ ಕರಾರುಪತ್ರ, ಪಾಲುಪಟ್ಟಿಗಳು ಕನ್ನಡದಲ್ಲಿರುತ್ತವೆ. ಓದಲಾರದವರು ಬೆರಳು ತೋರಿಸಿದಲ್ಲಿ ಸಹಿ ಹಾಕುತ್ತಾರೆ. ಹೆಣ್ಣುಮಕ್ಕಳ ಮೀರಾಸಿನ ಹಕ್ಕು ಹಾಗೆ ಕೈತಪ್ಪಿದ್ದನ್ನು ನಾವು ಕಂಡಿದ್ದೇವೆ.

ಮೊದಲು ಅಕ್ಷರದ ಮಾತು. ಬ್ಯಾರಿ ಮನೆಯ ಮಗುವಿಗೆ ಕನ್ನಡ ಮನೆಮಾತಲ್ಲ. ನಮ್ಮ ಬ್ಯಾರಿಯಲ್ಲಿ ಣ-ನ, ಳ-ಲ ಬೇರೆಬೇರೆಯಾಗಿ ಕೇಳಿಸುವುದಿಲ್ಲ. ಆದ್ದರಿಂದ ಮಗು 'ಹಣ್ಣು' ಎಂಬುದನ್ನು 'ಹನ್ನು' ಎಂದು ಬರೆದರೆ ಅದು ಸೋಮಾರಿತನವಲ್ಲ, ಕಿವಿಯ ಅಭ್ಯಾಸ. ಬೈದು ಪ್ರಯೋಜನವಿಲ್ಲ. ತಜ್‌ವೀದ್‌ನಲ್ಲಿ ಸೀನ್ ಯಾವುದು, ಸ್ವಾದ್ ಯಾವುದು ಎಂದು ತೋರಿಸಿ, ಕೇಳಿಸಿ, ಹೇಳಿಸಿ ತಿದ್ದುತ್ತೇವಲ್ಲವೇ? ಇಲ್ಲಿಯೂ ಅದೇ ದಾರಿ. ಬೆಳೆ-ಬೆಲೆ, ಕಳೆ-ಕಲೆ, ಆಣೆ-ಆನೆ: ಇಂಥ ನಾಲ್ಕೈದು ಜೋಡಿಗಳನ್ನು ದಿನಾ ಬಾಯಿಬಿಟ್ಟು ಹೇಳಿಸಿ, ನಂತರ ಉಕ್ತಲೇಖನ ಕೊಡಿ.

ವ್ಯಾಕರಣವನ್ನು ಕಂಠಪಾಠದಿಂದ ಆರಂಭಿಸಬೇಡಿ. ಹಿಫ್ಝ್ ಮಕ್ಕಳಿಗೆ ಕಂಠಪಾಠ ನೀರು ಕುಡಿದಷ್ಟು ಸುಲಭ. ವಿಭಕ್ತಿ ಪ್ರತ್ಯಯಗಳನ್ನು ಇವತ್ತು ಒಪ್ಪಿಸುತ್ತಾರೆ, ನಾಳೆ 'ಮಕ್ಕಳು ಬಂತು' ಎಂದು ಬರೆಯುತ್ತಾರೆ! ಅವರ ವಾಕ್ಯವನ್ನೇ ಹಿಡಿದು ಕೇಳಿ: ಬಂದದ್ದು ಯಾರು? ಅರಬಿ ಕಲಿಯುವ ಮಕ್ಕಳಿಗೆ ಇದು ಹೊಸತಲ್ಲ. ಫಾಇಲ್ ಎಂದರೆ ಕರ್ತೃ, ಮಫ್‌ಊಲ್ ಎಂದರೆ ಕರ್ಮ. ಕತಬ, ಕತಬತ್ ಬೇರೆ ಎಂದು ಬಲ್ಲ ಹುಡುಗನಿಗೆ ಬರೆದನು, ಬರೆದಳು ಎಂಬುದು ಬೇಗ ಹತ್ತುತ್ತದೆ.

ಬರೆಸುವಾಗ 'ನನ್ನ ಮೆಚ್ಚಿನ ಹಬ್ಬ'ದಂಥ ಪ್ರಬಂಧ ಬೇಡ, ಅದನ್ನು ಯಾರೂ ಓದುವುದಿಲ್ಲ. ಗಲ್ಫಿನಲ್ಲಿರುವ ಮಾವನಿಗೆ ಪತ್ರ ಬರೆಸಿ. ಬೀದಿದೀಪ ಉರಿಯುತ್ತಿಲ್ಲವೆಂದು ಮಹಾನಗರ ಪಾಲಿಕೆಗೆ ಅರ್ಜಿ ಬರೆಸಿ. ಅಜ್ಜಿ ಪತ್ತಿರ್ ಮಾಡುವ ಕ್ರಮವನ್ನು ಬ್ಯಾರಿಯಲ್ಲಿ ಹೇಳಲಿ, ಮಗು ಕನ್ನಡದಲ್ಲಿ ಬರೆಯಲಿ. ಒಂದು ಬಾರಿಗೆ ಒಂದೇ ಬಗೆಯ ತಪ್ಪು ತಿದ್ದಿ. ಹಾಳೆ ತುಂಬ ಕೆಂಪು ಶಾಯಿ ಕಂಡ ಮಗು ಮರುದಿನ ಎರಡೇ ಸಾಲು ಬರೆಯುತ್ತದೆ.

ಸಾಹಿತ್ಯ ಬೇಕೇ ಎಂದು ಕೇಳುವವರಿದ್ದಾರೆ. ಬೇಕು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕರ್ ಅವರ ಮನೆಮಾತು ಕನ್ನಡವಾಗಿರಲಿಲ್ಲ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದು-ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಇವರು ಬರೆದ ಎಲ್ಲವನ್ನೂ ನಾವು ಒಪ್ಪಬೇಕೆಂದಿಲ್ಲ. ಒಪ್ಪದಿರುವುದಕ್ಕೂ ಓದಿರಬೇಕು. ಸಣ್ಣವರಿಗೆ ಬೊಳುವಾರು ಮಹಮದ್ ಕುಂಞಿ ಅವರು ಸಂಪಾದಿಸಿದ ಮಕ್ಕಳ ಪದ್ಯಗಳಿವೆ, ಗಟ್ಟಿಯಾಗಿ ಓದಿಸಿ.

ಪರೀಕ್ಷೆಯ ಚಿಂತೆ ಇರುವವರಿಗೆ ಒಂದು ಮಾತು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಹತ್ತನೇ ತರಗತಿಗೆ 14 ತುಂಬಿದ ಮಕ್ಕಳು ಸೇರಬಹುದು, ಕನ್ನಡವನ್ನು ಭಾಷಾ ವಿಷಯವಾಗಿ ಆರಿಸಿಕೊಳ್ಳಬಹುದು. ಅರ್ಜಿ ತುಂಬುವಾಗಲೇ ನಿರ್ಧರಿಸಿ.

ಭಾನುವಾರ ಅಸರ್ ನಮಾಝಿನ ಬಳಿಕ ಮಕ್ಕಳ ಪುಸ್ತಕ ತಂದರೆ ನಾವು ನೋಡಿ ಕೊಡುತ್ತೇವೆ. ಉಮ್ಮಂದಿರು ಮಕ್ಕಳ ಕೈಯಲ್ಲೇ ಕಳುಹಿಸಿದರೂ ಸಾಕು.