ಹರಿಹರದ ಕಲ್ಲಿನಲ್ಲಿ ಉಳಿದ ದರ್ಶನ

ಗ್ರಂಥ ನಾಶವಾದ ಮೇಲೂ ಚಿಂತಕನೊಬ್ಬನ ವಿಚಾರ ಬೇರೆಡೆ ನೆಲೆ ಕಂಡುಕೊಂಡು ಉಳಿಯುವುದುಂಟು. ಕ್ರಿ.ಪೂ. 500ರ ಸುಮಾರಿನ ಗ್ರೀಕ್ ದಾರ್ಶನಿಕ ಹೆರಾಕ್ಲಿಟಸ್‌ನ ಪುಸ್ತಕ ಕಳೆದುಹೋಗಿದ್ದು, ಹಗಲು ಇರುಳುಗಳಂತಹ ವಿರುದ್ಧಗಳು ಮೂಲದಲ್ಲಿ ಒಂದೇ ಎಂಬ ಅವನ ಮತವು ಇತರರು ಉದ್ಧರಿಸಿದ ತುಣುಕುಗಳಿಂದಷ್ಟೇ ತಿಳಿದುಬರುತ್ತದೆ; ಅವನದೂ ಆರಂಭಕಾಲದ ಇತರ ಗ್ರೀಕ್ ದಾರ್ಶನಿಕರದೂ ಆದ ಅಂತಹ ತುಣುಕುಗಳನ್ನು ಜರ್ಮನ್ ವಿದ್ವಾಂಸ ಹರ್ಮನ್ ಡೀಲ್ಸ್ 1903ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದರು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಸುತ್ತಿ ಸಂಗ್ರಹಿಸಿದ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟದಲ್ಲಿ, ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ದಾವಣಗೆರೆ ತಾಲ್ಲೂಕಿನ ಹೆಸರಿನಡಿ ಹರಿಹರದ ಶಾಸನಗಳನ್ನು ಅಚ್ಚು ಹಾಕಿಸಿದರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ, ಅಂದರೆ ಸೇನಾಧಿಪತಿಯಾಗಿದ್ದ ಪೋಲಾಳ್ವನು 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ ಸಂಗತಿ ಅವುಗಳಲ್ಲೊಂದರಲ್ಲಿದೆ. ಆ ಶಾಸನದ ನಿಜವಾದ ಸಂಪತ್ತು ಮಾತ್ರ ಅದರ ತರ್ಕ. ವಿಷ್ಣುವನ್ನು ಬಿಟ್ಟರೆ ದೇವರಿಲ್ಲವೆನ್ನುವವರೂ ಶಿವನನ್ನು ಬಿಟ್ಟರೆ ದೇವರಿಲ್ಲವೆನ್ನುವವರೂ ಇರಲಾಗಿ, ಆ ಸಂಶಯವನ್ನು ನೀಗಲೆಂದೇ ಇಬ್ಬರೂ ಒಂದೇ ಮೂರ್ತಿಯಾಗಿ, ತುಂಗಭದ್ರೆ ಮತ್ತು ಹರಿದ್ರಾ ನದಿಗಳು ಕೂಡುವ ಕೂಡಲೂರಿನಲ್ಲಿ ನೆಲೆಸಿದರೆಂದು ಅದು ಹೇಳುತ್ತದೆ. ಕೂಡಲೂರು ಹರಿಹರದ ಹಳೆಯ ಹೆಸರು. ನದಿಗಳ ಕೂಟವೂ ಮತಗಳ ಕೂಟವೂ ಆ ಒಂದೇ ಪದದಲ್ಲಿ ಅಡಗಿವೆ.

ಗರ್ಭಗುಡಿಯ ವಿಗ್ರಹವೂ ಅದೇ ವಾದವನ್ನು ಕಲ್ಲಿನಲ್ಲಿ ಮುಂದಿಡುತ್ತದೆ: ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ, ಬಲಗೈಯಲ್ಲಿ ತ್ರಿಶೂಲ, ಎಡಗೈಯಲ್ಲಿ ಚಕ್ರ, ಆದರೆ ಎರಡರ ನಡುವೆ ಮುಖ ಒಂದೇ. ಈ ಕಲ್ಪನೆ ಪೋಲಾಳ್ವನದೇ ಅಲ್ಲ, ಬಾದಾಮಿಯ ಮೊದಲ ಗುಹೆಯಲ್ಲಿ ಆರನೆಯ ಶತಮಾನದಲ್ಲಿಯೇ ಹರಿಹರನ ಶಿಲ್ಪ ಮೂಡಿತ್ತು. ಹಾಗಿದ್ದರೂ ಕತ್ತಿ ಹಿಡಿದ ಕೈಯೊಂದು ಅದನ್ನು ಊರಿನ ನಡುಮಧ್ಯೆ ದೇವಾಲಯವಾಗಿ ನಿಲ್ಲಿಸಿದ್ದು ಸಣ್ಣ ಮಾತಲ್ಲ.

1906ರಲ್ಲಿ ರೈಸ್ ಅವರ ಬಳಿಕ ಪುರಾತತ್ತ್ವ ಇಲಾಖೆಯನ್ನು ವಹಿಸಿಕೊಂಡ ಆರ್. ನರಸಿಂಹಾಚಾರ್ಯರು, ‘ಕರ್ಣಾಟಕ ಕವಿಚರಿತೆ’ಯಲ್ಲಿ ಪೋಲಾಳ್ವನನ್ನು ‘ಹರಿಚಾರಿತ್ರ’ವೆಂಬ ಕೃತಿಯ ಕರ್ತೃವೆಂದು ಕವಿಗಳ ಸಾಲಿಗೆ ಸೇರಿಸಿದರು. ಆ ಕೃತಿ ದೊರೆತಿಲ್ಲ. ಡೀಲ್ಸ್‌ಗೆ ಸಿಕ್ಕಂತಹ ಉದ್ಧರಣೆಗಳೂ ಇಲ್ಲಿಲ್ಲ. ಪೋಲಾಳ್ವನು ಏನನ್ನು ನಂಬಿದ್ದನೆಂದು ತಿಳಿಯಬೇಕಾದವರು ಹರಿಹರದ ಶಾಸನವನ್ನು ಓದಿ, ಒಳಗೆ ಹೋಗಿ, ಆ ಒಂದು ಮುಖವನ್ನು ನೋಡಬೇಕು.